ಗುಂಟೆಗೆ ಹದಿಮೂರು ಅಡಿಕೆ ಮರ

ಮಳೆಗಾಲ ಮುಗಿದು ಮಣ್ಣಿನ ದಾರಿ ಒಣಗಿತೆಂದರೆ ಘಟ್ಟದ ತಿರುವುಗಳಲ್ಲಿ ಭಾನುವಾರದ ಕಾರುಗಳ ಸಾಲು ಕಾಣಿಸತೊಡಗುತ್ತದೆ. ಅವರೆಲ್ಲರೂ ಜಲಪಾತ ನೋಡಲು ಬಂದವರಲ್ಲ. ಕೆಲವರು ಜಮೀನು ನೋಡಲು ಬಂದವರು. ನಗರದ ಹೋಟೆಲೊಂದರ ಸಭಾಂಗಣದಲ್ಲಿ ಅರ್ಧ ದಿನದ ತರಬೇತಿ ಪಡೆದು, ತಮ್ಮಂತೆಯೇ ಹೊಸದಾಗಿ ಭೂಮಿಯಲ್ಲಿ ಹಣ ಹೂಡಬಯಸುವವರ ವಾಟ್ಸಾಪ್ ಗುಂಪಿಗೆ ಸೇರಿ, ಆ ಗುಂಪಿನ ಮೂಲಕ ಪರಿಚಯವಾದ ದಲ್ಲಾಳಿಯ ಜೀಪಿನಲ್ಲಿ ಗುಡ್ಡವೇರಿದವರು. ಮಧ್ಯಾಹ್ನದ ಊಟದೊಳಗೆ ಮೂರು ಕಡೆ ಜಾಗ ನೋಡಿ, ಸಂಜೆಯೊಳಗೆ ಮುಂಗಡ ಕೊಟ್ಟು ಹೊರಡುವವರೂ ಅವರಲ್ಲುಂಟು.

ಇವರನ್ನು ಖಳರೆಂದು ಚಿತ್ರಿಸುವುದು ಸುಲಭ, ಆದರೆ ಅದು ನ್ಯಾಯವಲ್ಲ. ಹೆಚ್ಚಿನವರು ಸಂಬಳದಲ್ಲಿ ಉಳಿಸಿದ ಹಣ ತಂದವರು. ಅನೇಕರ ಅಜ್ಜ ಇಂಥದೇ ಊರೊಂದರಲ್ಲಿ ತೋಟ ಮಾಡಿದವರು. ಕಲಿಯಬೇಕೆಂಬ ಹಂಬಲವೂ ಅವರಲ್ಲಿದೆ. ಪ್ರಶ್ನೆಯಿರುವುದು ಅವರು ಏನನ್ನು ಕಲಿಯುತ್ತಿದ್ದಾರೆ, ಯಾರಿಂದ ಕಲಿಯುತ್ತಿದ್ದಾರೆ ಎಂಬಲ್ಲಿ. ಕಲಿಸುವವನೇ ಮಾರುವವನೂ ಆಗಿರುವಾಗ ಪಾಠದಲ್ಲಿ ಯಾವ ಅಧ್ಯಾಯ ಬಿಟ್ಟುಹೋಗುತ್ತದೆಂದು ಊಹಿಸುವುದು ಕಷ್ಟವಲ್ಲ.

ಈ ಪ್ರವಾಹಕ್ಕೆ ಬಾಗಿಲು ತೆರೆದದ್ದು 2020. ಕರ್ನಾಟಕ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು ವರ್ಷಕ್ಕೆ 25 ಲಕ್ಷ ರೂಪಾಯಿಗಿಂತ ಹೆಚ್ಚಿನ ಕೃಷಿಯೇತರ ಆದಾಯವುಳ್ಳವರು ಮತ್ತು ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ತಡೆದಿದ್ದವು. ಆ ವರ್ಷದ ಜುಲೈನಲ್ಲಿ ಸುಗ್ರೀವಾಜ್ಞೆಯ ಮೂಲಕ, ಅನಂತರ ವಿಧಾನಮಂಡಲದ ಒಪ್ಪಿಗೆಯೊಂದಿಗೆ, ಅವು ರದ್ದಾದವು. ಕಾಫಿ, ಏಲಕ್ಕಿ, ಚಹಾ, ರಬ್ಬರಿನಂಥ ಪ್ಲಾಂಟೇಶನ್ ಭೂಮಿಗೆ ಈ ತಡೆ ಮೊದಲೂ ಇರಲಿಲ್ಲ. 104ನೇ ಕಲಮು ಅವನ್ನು ಹೊರಗಿಟ್ಟಿತ್ತು. ಆದ್ದರಿಂದಲೇ ಕೊಡಗು, ಚಿಕ್ಕಮಗಳೂರುಗಳಲ್ಲಿ ಹೊರಗಿನ ಹಣ ಬಹಳ ಹಿಂದೆಯೇ ಬಂದು ನೆಲೆಸಿತು. 2020ರ ನಂತರ ಗದ್ದೆಯೂ ಅಡಿಕೆ ತೋಟವೂ ಅದೇ ಸಂತೆಗೆ ಬಂದು ನಿಂತವು.

ಹೊಸ ಹೂಡಿಕೆದಾರನಿಗೆ ಕಲಿಸುವ ಪಾಠದಲ್ಲಿ ಭೂಮಿಯೆಂದರೆ ಬೇಲಿಯೊಳಗಿನ ಚೌಕ. ಮಲೆನಾಡಿನಲ್ಲಿ ಭೂಮಿ ಎಂದೂ ಹಾಗಿರಲಿಲ್ಲ. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಇದೆ. ತೋಟಕ್ಕೆ ಸೊಪ್ಪು, ದರಗು, ದನಕ್ಕೆ ಮೇವು, ಒಲೆಗೆ ಕಟ್ಟಿಗೆ ಅಲ್ಲಿಂದ ಬರಬೇಕು. ಬೆಟ್ಟ ಸರ್ಕಾರದ್ದು, ತೋಟದವನಿಗೆ ಇರುವುದು ಬಳಕೆಯ ಹಕ್ಕು ಮಾತ್ರ. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ, ಶಿವಮೊಗ್ಗದ ಕಾನು, ಇವೆಲ್ಲ ಒಂದೊಂದು ಬಗೆಯಲ್ಲಿ ಇದೇ ಕುಲಕ್ಕೆ ಸೇರಿದವು, ಒಂದೊಂದಕ್ಕೂ ಬೇರೆ ಬೇರೆ ಕಟ್ಟುಪಾಡು. ಎರಡು ಎಕರೆ ತೋಟ ಮಾರುವ ದಲ್ಲಾಳಿ ಗುಡ್ಡದ ನೆತ್ತಿಯಲ್ಲಿ ನಿಂತು ತೋಳು ಬೀಸಿ “ಇದೆಲ್ಲ ಸೇರುತ್ತೆ ಸಾರ್” ಎನ್ನುವಾಗ ಅವನ ತೋಳು ಬೀಸಿದ್ದು ಬಹುಪಾಲು ಬೆಟ್ಟದ ಮೇಲೆ. ಕೊಂಡವನು ಅಲ್ಲಿ ತಂತಿಬೇಲಿ ಹಾಕಿದ ದಿನ ಊರಿನ ದನಗಳ ದಾರಿ ಮುಚ್ಚುತ್ತದೆ. ಜಗಳ ಅಲ್ಲಿಂದ ಶುರು.

ಕಾಗದಗಳ ಮಾತಿಗೆ ಬಂದರೆ, ಇಂದು ಪಹಣಿಯನ್ನು ಭೂಮಿ ತಂತ್ರಾಂಶದಲ್ಲಿ ಯಾರು ಬೇಕಾದರೂ ನೋಡಬಹುದು. ನೋಡುವುದು ಬೇರೆ, ಓದುವುದು ಬೇರೆ. 9ನೇ ಕಾಲಮಿನಲ್ಲಿ ಮಾಲೀಕನ ಹೆಸರು ಕಂಡ ಕೂಡಲೇ ಹೊಸಬರಿಗೆ ಸಮಾಧಾನವಾಗುತ್ತದೆ. 11ನೇ ಕಾಲಮಿನ ಸಾಲ ಮತ್ತು ಹಕ್ಕುಗಳನ್ನೂ 12ರಲ್ಲಿರುವ ಸಾಗುವಳಿಯ ವಿವರವನ್ನೂ ಓದುವವರು ಕಡಿಮೆ. ವಿಸ್ತೀರ್ಣದಲ್ಲಿ ಕಳೆಯಲಾಗುವ ಖರಾಬಿನ ಬಗ್ಗೆ ಕೇಳುವವರು ಇನ್ನೂ ಕಡಿಮೆ. ‘ಬಿ’ ಖರಾಬು ಎಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ನೆಲ. ಜಾಹೀರಾತಿನಲ್ಲಿ “ಸ್ವಂತ ಹಳ್ಳ ಹರಿಯುವ ಜಮೀನು” ಎಂದು ಹೊಗಳಿಸಿಕೊಳ್ಳುವುದು ಹೆಚ್ಚಾಗಿ ಇದೇ ಖರಾಬು. ಹಳ್ಳ ಯಾರ ಸ್ವಂತವೂ ಅಲ್ಲ.

ಇದರ ಜೊತೆಗೆ ದಲಿತರಿಗೂ ಬುಡಕಟ್ಟಿನವರಿಗೂ ಸರ್ಕಾರ ಮಂಜೂರು ಮಾಡಿದ ಜಮೀನಿನ ಪ್ರಶ್ನೆಯಿದೆ. 1978ರ ಪಿಟಿಸಿಎಲ್ ಕಾಯಿದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅದನ್ನು ಮಾರುವಂತಿಲ್ಲ. ಮಾರಿದರೂ ಅದು ಮೂಲದವರಿಗೆ ಮರಳಬೇಕು. ಹಾಗೆ ಮರಳಿ ಕೇಳಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿತು. ಅರಣ್ಯ ಕಾಯಿದೆಯ 4ನೇ ಕಲಮಿನಡಿ ಅಧಿಸೂಚನೆಯಾಗಿ, 17ನೇ ಕಲಮಿನ ಅಂತಿಮ ಘೋಷಣೆಯಾಗದೆ ದಶಕಗಳಿಂದ ನೇತಾಡುತ್ತಿರುವ ಸರ್ವೆ ನಂಬರುಗಳೂ ಮಲೆನಾಡಿನಲ್ಲಿ ಬೇಕಾದಷ್ಟಿವೆ. ಇವನ್ನೆಲ್ಲ ತಿಳಿಯಲು ನಾಡಕಚೇರಿ, ಸರ್ವೆ ಕಚೇರಿ, ವಲಯ ಅರಣ್ಯ ಕಚೇರಿಗಳನ್ನು ಹಲವು ಬಾರಿ ಸುತ್ತಬೇಕು. ಭಾನುವಾರ ಅವುಗಳಿಗೆ ರಜೆ.

ಇಡೀ ಎಕರೆ ಕೊಳ್ಳುವವರ ಕಥೆ ಇದಾದರೆ, ಗುಂಟೆ ಲೆಕ್ಕದಲ್ಲಿ ಕೊಳ್ಳುವವರದು ಬೇರೆ. “ನಿರ್ವಹಿತ ತೋಟ” ಎಂಬ ಹೆಸರಿನಲ್ಲಿ ಹಳೆಯ ತೋಟವೊಂದನ್ನು ಐದೈದು, ಹತ್ತತ್ತು ಗುಂಟೆಗಳ ತುಂಡುಗಳಾಗಿಸಿ ಮಾರುವ ವ್ಯವಹಾರ ಈಗ ಎಲ್ಲೆಡೆ ನಡೆದಿದೆ. ಕೊಂಡವರು ನಗರದಲ್ಲಿ, ತೋಟ ನೋಡಿಕೊಳ್ಳುವುದು ಕಂಪನಿ, ವರ್ಷಕ್ಕಿಷ್ಟು ಆದಾಯವೆಂಬ ಭರವಸೆ. 2016ರ ರೇರಾ ಕಾಯಿದೆಯ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಬಡಾವಣೆ ನೋಂದಣಿಯಾಗಬೇಕು, ಅದನ್ನು ಮಾರುವ ಏಜೆಂಟನೂ ನೋಂದಾಯಿತನಾಗಿರಬೇಕು. ಆದರೆ ಕೃಷಿಭೂಮಿಯೆಂದೇ ಮಾರಾಟವಾಗುವ ಈ ತುಂಡುಗಳು ಸಾಮಾನ್ಯವಾಗಿ ಅದರ ಕಣ್ಣಿಗೆ ಬೀಳುವುದಿಲ್ಲ.

ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಅಡಿಕೆಗೆ ರೂಢಿಯ ಅಂತರ 9 ಅಡಿಗೆ 9 ಅಡಿ. ಒಂದು ಗುಂಟೆಯೆಂದರೆ 1,089 ಚದರ ಅಡಿ. ಅದರಲ್ಲಿ ಹಿಡಿಸುವುದು ಹದಿಮೂರು ಮರ. ಐದು ಗುಂಟೆಗೆ ಅರವತ್ತೇಳು, ಅದೂ ಕಪ್ಪು, ಬಸಿಗಾಲುವೆ, ದಾರಿಗೆ ಜಾಗ ಬಿಡದಿದ್ದರೆ. ಹೊಸದಾಗಿ ನೆಟ್ಟ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಚೆನ್ನಾಗಿ ನೋಡಿಕೊಂಡ ಮರ ವರ್ಷಕ್ಕೆ ಎರಡು ಕಿಲೋ ಒಣ ಅಡಿಕೆ ಕೊಟ್ಟೀತು. ಕೊಳೆರೋಗಕ್ಕೆ ಮಳೆಗಾಲದ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನಗಳ ಬಳಿಕ ಮತ್ತೊಮ್ಮೆ ಬೋರ್ಡೋ ದ್ರಾವಣ ಹೊಡೆಯಬೇಕು. ಮರ ಹತ್ತುವ ಕೊನೆಗಾರನಿಗಾಗಿ ಐದು ಎಕರೆಯ ತೋಟದವರೇ ವಾರಗಟ್ಟಲೆ ಕಾಯುತ್ತಿದ್ದಾರೆ. ಎಲೆಚುಕ್ಕಿ ರೋಗ ತೋಟದಿಂದ ತೋಟಕ್ಕೆ ಹಬ್ಬಿದೆ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ತೋಟಗಳನ್ನೇ ಬರಿದು ಮಾಡಿದೆ. ಮಾರಾಟದ ಕರಪತ್ರದಲ್ಲಿ ಈ ರೋಗಗಳ ಹೆಸರಿರುವುದಿಲ್ಲ. ಅರವತ್ತೇಳು ಮರಗಳ ಮಾಲೀಕನಿಗೆ ರೋಗ ಬಂದದ್ದು ತಿಳಿಯುವುದೂ ಮುಂದಿನ ಭೇಟಿಗೆ.

ಇಂಥ ಭರವಸೆಗಳಿಗೆ ಹಳೆಯ ಇತಿಹಾಸವೂ ಇದೆ. 1990ರ ದಶಕದಲ್ಲಿ ತೇಗದ ಸಸಿಯ ಹೆಸರಿನಲ್ಲಿ ದೇಶದಾದ್ಯಂತ ಹಣ ಸಂಗ್ರಹಿಸಿದ ಕಂಪನಿಗಳು ಮುಳುಗಿದ ಮೇಲೆ ಸೆಬಿ 1999ರಲ್ಲಿ ಸಾಮೂಹಿಕ ಹೂಡಿಕೆ ಯೋಜನೆಗಳಿಗೆ ನಿಯಮಾವಳಿ ರೂಪಿಸಿತು. 1840ರ ದಶಕದಲ್ಲಿ ತೇಗದ ನೆಡುತೋಪು ಆರಂಭಗೊಂಡ ನಿಲಂಬೂರಿನಲ್ಲಿಯೇ ಒಳ್ಳೆಯ ಮರಕ್ಕೆ ಐವತ್ತು ಅರವತ್ತು ವರ್ಷ ಕಾಯುವುದು ವಾಡಿಕೆ. ಕಂಪನಿಗಳು ಮಾತ್ರ ಅದಕ್ಕಿಂತ ಬಹಳ ಬೇಗ ಫಲ ಕೊಡುವ ಮಾತಾಡಿದವು. ಕೃಷಿಭೂಮಿ ಕೊಡಿಸುವುದಾಗಿ ಐದು ಕೋಟಿಗೂ ಹೆಚ್ಚು ಜನರಿಂದ ಹಣ ಪಡೆದ ಪಿಎಸಿಎಲ್ ಕಂಪನಿಗೆ ಸುಮಾರು 49,100 ಕೋಟಿ ರೂಪಾಯಿ ಹಿಂದಿರುಗಿಸುವಂತೆ ಸೆಬಿ 2014ರಲ್ಲಿ ಆದೇಶಿಸಿತು. ಅದರ ಆಸ್ತಿ ಮಾರಿ ಜನರಿಗೆ ಹಣ ಮರಳಿಸಲು 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ನ್ಯಾಯಮೂರ್ತಿ ಲೋಧಾ ಸಮಿತಿ ರಚನೆಯಾಯಿತು. ಹಲವರ ಹಣ ಒಂದೆಡೆ ಸೇರಿ, ಲಾಭದ ಆಸೆಗೆ ಹೂಡಿಕೆಯಾಗಿ, ದಿನನಿತ್ಯದ ನಿರ್ವಹಣೆ ಹೂಡಿದವರ ಕೈಯಲ್ಲಿಲ್ಲದಿದ್ದರೆ ಅದು ತೋಟಗಾರಿಕೆಯೋ ಹಣಕಾಸಿನ ಯೋಜನೆಯೋ ಎಂಬ ಪ್ರಶ್ನೆಯನ್ನು ಇಂದಿನ ನಿರ್ವಹಿತ ತೋಟಗಳ ಮುಂದೆಯೂ ಇಡಬೇಕಾಗುತ್ತದೆ.

ಹಣ ಹೋದರೆ ಹೋದವನಿಗೆ ನಷ್ಟ. ಗುಡ್ಡ ಜಾರಿದರೆ ನಷ್ಟ ಕೆಳಗಿನ ಮನೆಯವನಿಗೆ. ತುಂಡುಗಳಿಗೆಲ್ಲ ಕಾರು ಹೋಗಬೇಕೆಂದರೆ ಇಳಿಜಾರನ್ನು ಜೆಸಿಬಿಯಿಂದ ಕಡಿಯಲೇಬೇಕು. ಕಡಿದ ಮಣ್ಣು ಹಳ್ಳಕ್ಕೆ ಬೀಳುತ್ತದೆ, ಕಡಿದ ಬರೆ ನೆಟ್ಟಗೆ ನಿಲ್ಲುತ್ತದೆ, ಮೇಲಿನಿಂದ ಇಂಗಿದ ನೀರಿಗೆ ಆಸರೆ ತಪ್ಪುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಅಲ್ಲಿಗೆ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು, ಅತಿಮಳೆಯ ಜೊತೆಗೆ ರಸ್ತೆಗೂ ಕಟ್ಟಡಕ್ಕೂ ಇಳಿಜಾರನ್ನು ಮನಬಂದಂತೆ ಕಡಿದದ್ದನ್ನೂ ಕಾರಣವೆಂದು ಗುರುತಿಸಿದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗೆ ಕಡಿದ ಗುಡ್ಡ ಜಾರಿತು. ಅದೇ ತಿಂಗಳ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್ಮಲೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಗುಡ್ಡ ಒಡೆದದ್ದು ಎಷ್ಟೋ ಮೇಲೆ, ಸತ್ತವರು ಕೆಳಗೆ. ಜನವರಿಯಲ್ಲಿ ಜಾಗ ನೋಡಿದವನಿಗೆ ಇದಾವುದೂ ಕಾಣದು. ಕರಾರಿಗೆ ಸಹಿ ಮಾಡುವ ಮೊದಲು ಆಷಾಢದ ಒಂದು ವಾರವನ್ನು ಆ ಜಾಗದಲ್ಲಿ ಕಳೆದವನು ತರಬೇತಿಗಿಂತ ಹೆಚ್ಚು ಕಲಿತಾನು: ನೀರು ಎಲ್ಲಿ ಹುಟ್ಟುತ್ತದೆ, ಎಲ್ಲಿ ಒಸರುತ್ತದೆ, ಯಾವ ಮರ ಓರೆಯಾಗಿದೆ.

ಸಂಪರ್ಕಜಾಲ ಕಟ್ಟಿಕೊಳ್ಳಬೇಕೆಂಬುದು ಹೂಡಿಕೆಯ ಗುರುಗಳ ಇನ್ನೊಂದು ಪಾಠ. ಅವರ ಜಾಲದಲ್ಲಿರುವುದು ದಲ್ಲಾಳಿ, ವಕೀಲ, ಬ್ಯಾಂಕಿನವ, ಗುತ್ತಿಗೆದಾರ, ಮತ್ತೊಬ್ಬ ಹೂಡಿಕೆದಾರ. ಮೇಲಿನ ತೋಟದ ಯಜಮಾನ ಅದರಲ್ಲಿಲ್ಲ, ಕೆಳಗಿನ ಗದ್ದೆಯ ಗೇಣಿಯವನಿಲ್ಲ, ಸಹಕಾರ ಸಂಘದ ಕಾರ್ಯದರ್ಶಿಯಿಲ್ಲ, ಬೇಸಿಗೆಯಲ್ಲಿ ಅಬ್ಬಿ ನೀರಿನ ಸರದಿಯನ್ನು ನೆನಪಿನಲ್ಲಿಟ್ಟುಕೊಂಡ ಅಜ್ಜಿಯಂತೂ ಇಲ್ಲವೇ ಇಲ್ಲ. ಮಲೆನಾಡಿನಲ್ಲಿ ಜಮೀನಿನ ಬೆಲೆಯನ್ನು ನಿರ್ಧರಿಸುವ ಅರ್ಧ ಮಾಹಿತಿ ಯಾವ ದಾಖಲೆಯಲ್ಲೂ ಇಲ್ಲ, ಇವರ ಬಾಯಲ್ಲಿದೆ. ನೆರೆಯವರ ಮನೆಯ ಜಗುಲಿಯಲ್ಲಿ ಕೂತು ಒಂದು ಲೋಟ ಕಷಾಯ ಕುಡಿಯದೆ ಕೊಂಡ ಜಮೀನಿಗೆ ದಾರಿಯ ವ್ಯಾಜ್ಯ ತಪ್ಪಿದ್ದು ಅಪರೂಪ.

ಮಾರುವವರ ಕಡೆಯ ಸ್ಥಿತಿ ಇನ್ನೂ ದಾರುಣ. ಮಕ್ಕಳು ಬೆಂಗಳೂರಿನಲ್ಲಿ, ತೋಟದಲ್ಲಿ ಉಳಿದದ್ದು ವಯಸ್ಸಾದ ದಂಪತಿ, ಕೆಲಸಕ್ಕೆ ಆಳಿಲ್ಲ, ಮಂಗನ ಕಾಟ ಬೇರೆ. ಅವರನ್ನು ಮಾರಬೇಡಿ ಎನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ಕೊಳ್ಳುವವನಿಗೆ ಇಡೀ ಜಾಲವೊಂದು ಸಲಹೆ ಕೊಡುತ್ತಿರುವಾಗ ಮಾರುವವರಿಗೆ ಇರುವುದು ಒಬ್ಬ ದಲ್ಲಾಳಿ ಮಾತ್ರ, ಅವನೂ ಎದುರು ಕಡೆಯವನೇ. ಇಂಥಲ್ಲಿ ಗಾಳಿಮಾತಿಗೆ ಬಲ ಬರುತ್ತದೆ. ಕಸ್ತೂರಿರಂಗನ್ ವರದಿ ಜಾರಿಯಾದರೆ ಜಮೀನು ಮಾರಲಾಗದು, ಈಗಲೇ ಕೊಟ್ಟುಬಿಡಿ ಎಂಬುದು ಅವುಗಳಲ್ಲೊಂದು. ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶವನ್ನು ಒಳಗೊಂಡ 2024ರ ಜುಲೈ 31ರ ಕರಡು ಅಧಿಸೂಚನೆ ತಡೆಯಹೊರಟದ್ದು ಗಣಿ, ಕಲ್ಲುಕ್ವಾರಿ, ಕೆಂಪು ವರ್ಗದ ಕೈಗಾರಿಕೆ, ಬೃಹತ್ ಕಟ್ಟಡ ಹಾಗೂ ಟೌನ್‌ಶಿಪ್‌ಗಳನ್ನು. ರೈತ ತನ್ನ ತೋಟವನ್ನು ಮತ್ತೊಬ್ಬನಿಗೆ ಕೊಡುವುದನ್ನಲ್ಲ. ವರದಿಯನ್ನು ಒಪ್ಪುವುದಿಲ್ಲವೆಂದು ರಾಜ್ಯ ಸರ್ಕಾರ ಹೇಳಿರುವುದು ಬೇರೆ ಮಾತು. ಓದದ ಕರಡಿನ ಭಯಕ್ಕೆ ತಲೆಮಾರಿನ ತೋಟವನ್ನು ಅಗ್ಗಕ್ಕೆ ಬಿಟ್ಟುಕೊಡಬಾರದು.

ಇದಕ್ಕೆ ಎದುರಾಗಿ ಊರೂ ತನ್ನ ಜಾಲವನ್ನು ಕಟ್ಟಿಕೊಳ್ಳಬಹುದು. ಅದಕ್ಕೆ ಹೋಟೆಲಿನ ಸಭಾಂಗಣ ಬೇಡ. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಪ್ರತಿ ಊರಿನಲ್ಲಿದ್ದಾರೆ, ಅವರ ಕೈಯಲ್ಲಿ ಫೋನೂ ಇದೆ. ತಮ್ಮ ಗ್ರಾಮದ ಸರ್ವೆ ನಂಬರುಗಳ ಪಹಣಿ, ಮ್ಯುಟೇಶನ್, ಗ್ರಾಮನಕ್ಷೆಗಳನ್ನು ಮುಂದಿಟ್ಟುಕೊಂಡು ಓದುವುದನ್ನು ಒಂದು ರಜೆಯಲ್ಲಿ ಕಲಿಯಬಹುದು. ಅಜ್ಜಿಯ ಬಾಯಲ್ಲಿರುವ ನೀರಿನ ಸರದಿ, ದನದ ದಾರಿ, ಹಿಂದೊಮ್ಮೆ ಜಾರಿದ ಬರೆ, ಇವನ್ನು ಆ ನಕ್ಷೆಯ ಮೇಲೆ ಗುರುತಿಸಿ ಪಂಚಾಯಿತಿಯ ಗೋಡೆಗೆ ತೂಗುಹಾಕಿದರೆ ಮಾರುವವರಿಗೂ ಕೊಳ್ಳಲು ಬಂದವರಿಗೂ ಅದು ಸಿಗುತ್ತದೆ. ಗ್ರಾಮಸಭೆಯ ನಡಾವಳಿಯಲ್ಲಿ ಅದು ದಾಖಲಾದರೆ ಇನ್ನೂ ಒಳ್ಳೆಯದು. ಕೆಲಸವನ್ನು ಮಳೆ ಹಿಡಿಯುವ ಮೊದಲೇ ಮುಗಿಸಬೇಕು, ಏಕೆಂದರೆ ಒರತೆಗಳಲ್ಲಿ ಬತ್ತದೆ ಉಳಿದವು ಯಾವುವೆಂದು ಕಾಣುವುದು ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ.