ಬ್ಯಾಟರಿ ಗರಗಸವೂ ಯಜಮಾನನ ಹೊಣೆಯೂ

ಕೆಲವು ವರ್ಷಗಳಿಂದೀಚೆಗೆ ಮಲೆನಾಡಿನ ಕಾಫಿ ತೋಟಗಳಲ್ಲಿ ಒಂದು ಹೊಸ ಉಪಕರಣವು ಬಳಕೆಗೆ ಬಂದಿರುವುದನ್ನು ವಾಚಕ ಮಹಾಶಯರು ಬಲ್ಲರು. ಬ್ಯಾಟರಿಯಿಂದ ನಡೆಯುವ ಈ ಚಿಕ್ಕ ಗರಗಸಕ್ಕೆ ಪೆಟ್ರೋಲು ಬೇಡ. ಹಗ್ಗವೆಳೆದು ಚಾಲೂ ಮಾಡುವ ಶ್ರಮವಿಲ್ಲ. ವಿದ್ಯುತ್ತಿನ ತಂತಿಯನ್ನು ತೋಟದೊಳಕ್ಕೆ ಎಳೆದೊಯ್ಯುವ ತೊಂದರೆಯೂ ಇಲ್ಲ. ಗುಂಡಿಯನ್ನು ಒತ್ತಿದೊಡನೆ ಹಲ್ಲುಗಳುಳ್ಳ ಉಕ್ಕಿನ ಚೈನು ಓಡತೊಡಗಿ, ತೋಳುಗಾತ್ರದ ಕೊಂಬೆಯು ನಿಮಿಷದೊಳಗಾಗಿ ನೆಲಕ್ಕೆ ಬೀಳುವುದು. ಕುಯಿಲು ಮುಗಿದೊಡನೆ ಗಿಡಕಸಿ, ಮುಂಗಾರಿಗೆ ಮುಂಚೆ ಮರಗಸಿ, ಹೀಗೆ ಒಂದರ ಬೆನ್ನಿಗೆ ಒಂದು ಕೆಲಸವು ಬಂದೊದಗುವ ತೋಟದಲ್ಲಿ, ಆಳುಗಳು ದೊರೆಯದೆ ಪರದಾಡುವ ಬೆಳೆಗಾರರಿಗೆ ಇದು ಮಹದುಪಕಾರಿಯೆಂಬುದರಲ್ಲಿ ಸಂದೇಹವಿಲ್ಲ. ಕತ್ತಿಯಿಂದ ಕಡಿದ ಕೊಂಬೆಯು ಸೀಳಿ, ತೊಗಟೆ ಸುಲಿದು, ಗಾಯದಲ್ಲಿ ನೀರು ನಿಂತು ಕೊಳೆಯುವುದುಂಟು. ಗರಗಸದ ಗಾಯವು ನುಣುಪಾಗಿದ್ದು ಬೇಗನೆ ಮಾಯುವುದು.

ಈ ಉಪಕರಣದ ವಿಚಾರದಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತಲಿವೆ. ಇದು ಮಕ್ಕಳಾಟಿಕೆಯಂತೆ ಚಿಕ್ಕದು, ಇದನ್ನು ಹಿಡಿಯಲು ಯಾವ ಶಿಕ್ಷಣವೂ ಬೇಡವೆಂಬುದು ಒಂದು. ಇದು ಕೈ ಕಳೆಯುವ ಯಂತ್ರ, ಹಳೆಯ ಕತ್ತಿಯೇ ಲೇಸೆಂಬುದು ಇನ್ನೊಂದು. ಇವೆರಡೂ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ದೋಷವಿರುವುದು ಗರಗಸದಲ್ಲಲ್ಲ, ಅದನ್ನು ಕೊಂಡು ತಂದು, ಒಂದು ಮಾತನ್ನೂ ಹೇಳದೆ ಆಳಿನ ಕೈಗೆ ಕೊಡುವ ಪದ್ಧತಿಯಲ್ಲಿ.

ಈ ಲೇಖಕನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಉಚಿತವಾಗಿದೆ. ಒಂದು ತೋಟದಲ್ಲಿ ಅನುಭವಸ್ಥನಾದ ಆಳೊಬ್ಬನು ಎಡಗೈಯಲ್ಲಿ ಹಾಲುವಾಣದ ರೆಂಬೆಯನ್ನು ಹಿಡಿದುಕೊಂಡು, ಬಲಗೈಯೊಂದರಲ್ಲೇ ಗರಗಸವನ್ನು ನಡೆಸುತ್ತಿದ್ದನು. ರೆಂಬೆಯು ಕಡಿದು ಹೋದೊಡನೆ ಗರಗಸವು ತಡೆಯಿಲ್ಲದೆ ಮುಂದಕ್ಕೆ ಹಾರಿ ಅವನ ಎರಡು ಬೆರಳುಗಳ ನರಗಳನ್ನು ಕತ್ತರಿಸಿತು. ಗಾಯವೇನೋ ಮಾಯಿತು, ಆದರೆ ಏಣಿಯನ್ನು ಹಿಡಿದು ಮೆಣಸು ಕುಯ್ಯುವ ಬಲವು ಆ ಕೈಗೆ ಮರಳಲಿಲ್ಲ. ಯಜಮಾನರ ಉಗ್ರಾಣದಲ್ಲಿ ನೋಡಲಾಗಿ, ಗರಗಸದೊಡನೆ ಬಂದ ಕನ್ನಡಕವೂ ಕೈಚೀಲವೂ ಸೂಚನೆಗಳ ಪುಸ್ತಕವೂ ಪೆಟ್ಟಿಗೆಯಲ್ಲಿ ಹಾಗೆಯೇ ಇದ್ದವು. ಯಜಮಾನರು ದಯಾಳುಗಳೇ; ಆಸ್ಪತ್ರೆಯ ವೆಚ್ಚವನ್ನೆಲ್ಲಾ ಕೊಟ್ಟರು. ಕೆಟ್ಟ ಮೇಲೆ ಬುದ್ಧಿ ಬಂತೆಂಬ ಗಾದೆಗೆ ಬೇರೆ ನಿದರ್ಶನವು ಬೇಕಾಗಿಲ್ಲ.

ಮಲೆನಾಡಿನ ಗೃಹಸ್ಥರು ಮನೆಯ ಕೋವಿಯನ್ನು ಹೇಗೆ ನೋಡಿಕೊಳ್ಳುವರೆಂಬುದನ್ನು ಯೋಚಿಸಬೇಕು. ಅದನ್ನು ಕಂಡಕಂಡವರ ಕೈಗೆ ಕೊಡುವುದಿಲ್ಲ. ಮನೆಯೊಳಕ್ಕೆ ತರುವ ಮೊದಲು ಕಾರ್ತೂಸನ್ನು ತೆಗೆಯುವರು. ಒರೆಸಿ, ಎಣ್ಣೆ ಸವರಿ ಇಡುವರು. ಬ್ಯಾಟರಿ ಗರಗಸಕ್ಕೂ ಈ ನಿಯಮವೇ ಸಲ್ಲತಕ್ಕದ್ದು. ಇದರಲ್ಲಿ ಬ್ಯಾಟರಿಯೇ ಕಾರ್ತೂಸು. ಚೈನನ್ನು ಮುಟ್ಟುವ ಮೊದಲು, ಸಿಕ್ಕಿದ ಚೂರನ್ನು ಬಿಡಿಸುವ ಮೊದಲು, ಒಂದು ಮರದಿಂದ ಇನ್ನೊಂದು ಮರಕ್ಕೆ ಹೊತ್ತೊಯ್ಯುವ ಮೊದಲು ಬ್ಯಾಟರಿಯನ್ನು ಕಳಚಲೇಬೇಕು. ಪೆಟ್ರೋಲಿನ ಗರಗಸವು ಸದ್ದು ಮಾಡಿ ತಾನು ಜೀವಂತವಾಗಿರುವುದನ್ನು ತಿಳಿಸುವುದು. ಇದು ಮೌನವಾಗಿ ಕಾದಿರುವುದು. ಗುಂಡಿಯ ಮೇಲೆ ಬೆರಳು ತಾಗಿದರೆ ಸಾಕು. ಈ ಒಂದು ಅಭ್ಯಾಸವನ್ನು ಮಾತ್ರ ತೋಟದಲ್ಲಿ ರೂಢಿಗೆ ತಂದರೂ ಅನೇಕ ಅನಾಹುತಗಳು ತಪ್ಪುವುವು.

ಇನ್ನು ಕೆಲಸದ ಕ್ರಮ. ಮೊದಲನೆಯದಾಗಿ, ಗರಗಸವನ್ನು ಎರಡು ಕೈಗಳಿಂದಲೂ ಹಿಡಿಯತಕ್ಕದ್ದು. ಒಂದು ಕೈಗೆ ಮಾತ್ರ ಹಿಡಿಯುಳ್ಳ ಮಾದರಿಯಾದರೆ, ಇನ್ನೊಂದು ಕೈಯು ಕೊಯ್ಯುವ ಕೊಂಬೆಯಿಂದ ದೂರವಿರಬೇಕು. ಕೊಂಬೆಯನ್ನು ಕೈಯಲ್ಲಿ ಹಿಡಿದು ಕೊಯ್ಯುವುದನ್ನು ಯಜಮಾನರು ಖಂಡಿತವಾಗಿ ನಿಷೇಧಿಸಬೇಕು. ಎರಡನೆಯದಾಗಿ, ಚೈನು ಓಡುವ ಪಟ್ಟಿಯ ತುದಿಯ ಮೇಲ್ಭಾಗವನ್ನು ಮರಕ್ಕೆ ತಾಗಿಸಬಾರದು. ಆ ಭಾಗವು ತಾಗಿದರೆ ಗರಗಸವು ಥಟ್ಟನೆ ಮೇಲಕ್ಕೂ ಹಿಂದಕ್ಕೂ ಚಿಮ್ಮಿ ಮುಖದ ಕಡೆಗೆ ಬರುವುದು. ಮೂರನೆಯದಾಗಿ, ಪೆನ್ಸಿಲು ಗಾತ್ರದ ಚಿಗುರುಗಳಿಗೆ ಈ ಗರಗಸವು ತಕ್ಕುದಲ್ಲ; ಅವು ಚೈನಿಗೆ ಸಿಕ್ಕಿ ಚಾಟಿಯಂತೆ ಬೀಸುವುವು. ಅವುಗಳಿಗೆ ಸಿಕೇಚರೇ ಸಾಕು. ಪಟ್ಟಿಯ ಉದ್ದವನ್ನು ಮೀರಿದ ದಪ್ಪ ಕೊಂಬೆಗಳಿಗೂ ಇದು ಸಲ್ಲದು. ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು, ಮರದ ಕೆಳಗೆ ಕೆಲಸ ಮಾಡುವವರಿಗೆ ಹೆಲ್ಮೆಟ್ಟು ಇರಬೇಕು. ಸಡಿಲವಾದ ಪಂಚೆ ಸೆರಗುಗಳು ಇರಕೂಡದು. ಸಾಧಾರಣವಾದ ಕೈಚೀಲವು ಹಿಡಿತಕ್ಕೆ ಸಹಾಯವಾಗುವುದೇ ಹೊರತು ಓಡುವ ಚೈನನ್ನು ತಡೆಯಲಾರದೆಂಬುದನ್ನೂ ಆಳುಗಳಿಗೆ ತಿಳಿಸಬೇಕು.

ಭಾರವಾದ ಕೊಂಬೆಯನ್ನು ಒಂದೇ ಏಟಿಗೆ ಕೊಯ್ದರೆ ಅದು ಅರ್ಧದಲ್ಲೇ ಮುರಿದು ಕಾಂಡದ ತೊಗಟೆಯನ್ನು ಸುಲಿದುಕೊಂಡು ಬೀಳುವುದು. ಆದುದರಿಂದ ಕಾಂಡದಿಂದ ಒಂದು ಗೇಣು ದೂರದಲ್ಲಿ ಕೊಂಬೆಯ ಅಡಿಭಾಗವನ್ನು ಮೂರನೆಯ ಒಂದು ಪಾಲಿನಷ್ಟು ಕೊಯ್ಯಬೇಕು. ಅಲ್ಲಿಂದ ಸ್ವಲ್ಪ ಹೊರಗೆ ಮೇಲಿನಿಂದ ಕೊಯ್ದು ಕೊಂಬೆಯನ್ನು ಬೀಳಿಸಬೇಕು. ಕಡೆಯಲ್ಲಿ ಉಳಿದ ಮೋಟನ್ನು, ಕೊಂಬೆಯು ಕಾಂಡವನ್ನು ಸೇರುವೆಡೆಯ ಉಬ್ಬಿಗೆ ಪೆಟ್ಟಾಗದಂತೆ, ಅದರ ಹೊರ ಅಂಚಿನಲ್ಲಿ ತೆಗೆಯಬೇಕು. ದಪ್ಪ ಗಾಯಗಳಿಗೆ ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ, ಹತ್ತು ಲೀಟರು ನೀರು ಸೇರಿಸಿ ಮಾಡಿದ ಬೋರ್ಡೋ ಸರಿಯನ್ನು ಹಚ್ಚುವುದು ರೂಢಿಯಲ್ಲಿದೆ.

ಎತ್ತರದ ಕೆಲಸದಲ್ಲಿ ಹೆಚ್ಚಿನ ಎಚ್ಚರವು ಬೇಕು. ಏಣಿಯ ಮೇಲೆ ಒಂದು ಕೈಯಲ್ಲಿ ಮರವನ್ನು ತಬ್ಬಿಕೊಂಡು ಇನ್ನೊಂದರಲ್ಲಿ ಗರಗಸವನ್ನು ನಡೆಸುವುದು ಅತ್ಯಂತ ಅಪಾಯಕರ. ಗಳುವಿಗೆ ಜೋಡಿಸಿದ ಗರಗಸಗಳು ಇದಕ್ಕೆಂದೇ ದೊರೆಯುವುವು. ನೆಲದ ಮೇಲೆ ನಿಂತು, ಕೊಂಬೆಯು ಬೀಳುವ ಜಾಗದಿಂದ ಪಕ್ಕಕ್ಕೆ ಸರಿದು, ಗಳುವನ್ನು ಓರೆಯಾಗಿ ಹಿಡಿದು ಕೊಯ್ಯಬೇಕು. ಇತರರು ಹದಿನೈದು ಮೀಟರು ದೂರದಲ್ಲಿರಲಿ. ತೋಟದ ಮೇಲೆ ವಿದ್ಯುತ್ತಿನ ತಂತಿಗಳು ಹಾದುಹೋಗಿದ್ದರೆ ಗಳುವಿನ ತುದಿಯಾಗಲಿ, ಬೀಳುವ ಕೊಂಬೆಯಾಗಲಿ ಅವುಗಳನ್ನು ಮುಟ್ಟುವಂತಿರಕೂಡದು. ಅಲ್ಯೂಮಿನಿಯಂ ಏಣಿಗಳಿಂದ ನಮ್ಮ ತೋಟಗಳಲ್ಲಿ ಪ್ರಾಣಗಳು ಹೋಗಿರುವುದನ್ನು ಎಲ್ಲರೂ ಬಲ್ಲರು. ಲೋಹದ ಗಳುವೂ ಅಂಥದ್ದೇ. ಅಂಥ ಮರಗಳಿಗೆ ಕೈಹಾಕುವ ಮೊದಲು ಮೆಸ್ಕಾಂ ಅಥವಾ ಚೆಸ್ಕಾಂ ಕಚೇರಿಗೆ ತಿಳಿಸಿ, ಲೈನನ್ನು ನಿಲ್ಲಿಸಿದುದು ಖಚಿತವಾದ ಮೇಲೆಯೇ ಕೆಲಸವನ್ನು ಮಾಡಿಸತಕ್ಕದ್ದು.

ಪಾಲನೆಯಿಲ್ಲದ ಗರಗಸವು ಅಪಾಯವನ್ನು ಇಮ್ಮಡಿಸುವುದು. ಚೈನು ಮೊಂಡಾದರೆ ಆಳು ಒತ್ತಿ ಕೊಯ್ಯತೊಡಗುವನು. ಒತ್ತಿದಷ್ಟೂ ಹಿಡಿತವು ತಪ್ಪುವುದು. ಕೊಯ್ಯುವಾಗ ತುಣುಕುಗಳು ಬೀಳುತ್ತಿದ್ದರೆ ಹಲ್ಲು ಹರಿತವಾಗಿದೆ. ಹಿಟ್ಟಿನಂಥ ಪುಡಿಯು ಬೀಳುತ್ತಿದ್ದರೆ ಮೊಂಡಾಗಿದೆಯೆಂದು ತಿಳಿಯಬೇಕು. ಆಗ ಬ್ಯಾಟರಿಯನ್ನು ಕಳಚಿ, ಪುಸ್ತಕದಲ್ಲಿ ಹೇಳಿದ ಅಳತೆಯ ದುಂಡು ಅರದಿಂದ ಪ್ರತಿಯೊಂದು ಹಲ್ಲನ್ನೂ ಒಂದೇ ಸಮನಾಗಿ ಉಜ್ಜಬೇಕು, ಇಲ್ಲವೆ ಚೈನನ್ನು ಬದಲಾಯಿಸಬೇಕು. ಚೈನಿನ ಬಿಗುವನ್ನು ದಿನವೂ ನೋಡಬೇಕು: ಅದು ಪಟ್ಟಿಯ ಕೆಳಗೆ ಜೋಲಬಾರದು, ಆದರೆ ಕೈಯಿಂದ ಎಳೆದರೆ ಸರಾಗವಾಗಿ ಸರಿಯಬೇಕು. ಹೊಸ ಚೈನು ಬೇಗ ಸಡಿಲವಾಗುವುದರಿಂದ ಮೊದಲ ದಿನ ಹಲವು ಬಾರಿ ನೋಡುವುದು ಒಳ್ಳೆಯದು. ಚಿಕ್ಕ ಗರಗಸಗಳಲ್ಲಿ ಅನೇಕಕ್ಕೆ ತಾವಾಗಿ ಎಣ್ಣೆ ಬಿಡುವ ಏರ್ಪಾಡಿಲ್ಲ. ಕೆಲಸದ ನಡುವೆ ಆಗಾಗ್ಗೆ ಚೈನಿನ ಎಣ್ಣೆಯನ್ನು ತೊಟ್ಟಿಕ್ಕಬೇಕು. ಇಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆಯನ್ನು ಉಪಯೋಗಿಸಕೂಡದು. ಸಂಜೆ ಅಂಟನ್ನೂ ಪುಡಿಯನ್ನೂ ಬ್ರಷ್ಷಿನಿಂದ ತೆಗೆದು, ಪಟ್ಟಿಗೆ ಹೊದಿಕೆ ಹಾಕಿ ಇಡಬೇಕು.

ಬ್ಯಾಟರಿಯೂ ಉಪೇಕ್ಷಿಸತಕ್ಕ ವಸ್ತುವಲ್ಲ. 1991ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಬ್ಯಾಟರಿಯ ಜಾತಿಗೆ ಇದು ಸೇರಿದುದು. ಇದು ಅಲ್ಪ ತೂಕದಲ್ಲಿ ಹೆಚ್ಚು ಶಕ್ತಿಯನ್ನು ಹಿಡಿದಿಡುವುದು. ಜಜ್ಜಿದರೆ, ನೆನೆದರೆ, ತಕ್ಕುದಲ್ಲದ ಚಾರ್ಜರಿಗೆ ಹಾಕಿದರೆ ಆ ಶಕ್ತಿಯೇ ಬೆಂಕಿಯಾಗುವುದುಂಟು. ಆದುದರಿಂದ ಗೋಣಿಚೀಲಗಳೂ ಒಣಗಿದ ಕಾಫಿಯೂ ಇರುವ ಉಗ್ರಾಣದಲ್ಲಿ ರಾತ್ರಿಯಿಡೀ ಚಾರ್ಜಿಗೆ ಇಡಕೂಡದು. ಕಲ್ಲು ಅಥವಾ ಸಿಮೆಂಟಿನ ನೆಲದ ಮೇಲೆ, ಯಾರಾದರೂ ಎಚ್ಚರವಾಗಿರುವಾಗ ಚಾರ್ಜು ಮಾಡಬೇಕು. ಕೆಲಸದಿಂದ ಬಂದ ಬಿಸಿ ಬ್ಯಾಟರಿಯನ್ನು ಆರಿದ ಮೇಲೆಯೇ ಚಾರ್ಜಿಗೆ ಹಾಕಬೇಕು. ಬಿಸಿಲಿನಲ್ಲಿ ನಿಂತ ಜೀಪಿನೊಳಗೆ ಬಿಡಬಾರದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕೆಲಸವಿಲ್ಲದಾಗ ಅರ್ಧದಷ್ಟು ಚಾರ್ಜಿರುವಂತೆ ಒಣಗಿದ ತಂಪು ಜಾಗದಲ್ಲಿ ಇಡಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಉಪಯೋಗಿಸಬಾರದು, ಗುಂಡಿಗೂ ಎಸೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಪ್ರತ್ಯೇಕವಾಗಿಟ್ಟು ಸಂಗ್ರಹಿಸುವವರಿಗೆ ಒಪ್ಪಿಸತಕ್ಕದ್ದು.

ಇಷ್ಟು ಕಟ್ಟುನಿಟ್ಟಿನಿಂದ ಕೆಲಸವು ನಿಧಾನವಾಗುವುದೆಂದು ಕೆಲವರು ಆಕ್ಷೇಪಿಸಬಹುದು. ಬ್ಯಾಟರಿಯನ್ನು ಕಳಚಲು ಹಿಡಿಯುವ ಕಾಲವು ಎಲೆಯಡಿಕೆ ಹಾಕಿಕೊಳ್ಳುವಷ್ಟೂ ಅಲ್ಲ. ಆಳೊಬ್ಬನ ಕೈ ಹೋದರೆ ಒಂದು ಸಂಸಾರದ ಅನ್ನವೇ ಹೋಗುವುದು. ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರವನ್ನು ಕೊಡುವ ಹೊಣೆಯು ಕೆಲಸಕ್ಕಿಟ್ಟವನದೆಂಬ ತತ್ತ್ವವು ನಮ್ಮ ದೇಶದ ಕಾನೂನಿನಲ್ಲಿ 1923ರಷ್ಟು ಹಿಂದೆಯೇ ಬಂದಿತು. ಕಾನೂನಿಗಾಗಿ ಮಾತ್ರವಲ್ಲ, ನಮ್ಮನ್ನು ನಂಬಿ ಮರದಡಿಯಲ್ಲಿ ನಿಂತವನಿಗಾಗಿ ಈ ಹೊಣೆಯನ್ನು ಹೊರಬೇಕು.

ಗ್ರಾಮದ ಮುಖಂಡರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಈ ಸಾಲಿನ ಕಸಿಯ ಕೆಲಸವು ತೊಡಗುವ ಮೊದಲು ಊರಿನ ಗರಗಸಗಳನ್ನೂ ಅವುಗಳನ್ನು ನಡೆಸುವ ಆಳುಗಳನ್ನೂ ಒಂದು ದಿನ ಒಂದೆಡೆ ಸೇರಿಸಿರಿ. ಮೂಡಿಗೆರೆ, ಗೋಣಿಕೊಪ್ಪಲು ಮೊದಲಾದ ಕಡೆಗಳಲ್ಲಿರುವ ಕೃಷಿ ವಿಜ್ಞಾನ ಕೇಂದ್ರಗಳ ಸಲಹೆಯನ್ನು ಪಡೆಯಿರಿ. ಸೂಚನೆಗಳ ಪುಸ್ತಕವನ್ನು ಓದಬಲ್ಲವರಿಂದ ಓದಿಸಿ ಕನ್ನಡದಲ್ಲಿ ಹೇಳಿಸಿರಿ. ಯಾರೂ ಒಂಟಿಯಾಗಿ ಗರಗಸವನ್ನು ಹಿಡಿಯದಂತೆ ಕಟ್ಟುಮಾಡಿರಿ. ಗಾಯವಾದರೆ ಶುಚಿಯಾದ ಬಟ್ಟೆಯಿಂದ ಬಲವಾಗಿ ಒತ್ತಿಹಿಡಿದು, ಕೈಯನ್ನು ಮೇಲೆತ್ತಿ, 108ಕ್ಕೆ ಕರೆಮಾಡುವುದನ್ನು ಎಲ್ಲರಿಗೂ ಕಲಿಸಿರಿ. ಯಜಮಾನರು ತಾವೇ ಕನ್ನಡಕವನ್ನು ಧರಿಸಿ, ಬ್ಯಾಟರಿಯನ್ನು ಕಳಚಿ, ಚೈನನ್ನು ಬಿಗಿಮಾಡಿ ತೋರಿಸಲಿ. ನೂರು ಸಲ ಹೇಳಿದ ಮಾತಿಗಿಂತ ಒಂದು ಸಲ ಮಾಡಿ ತೋರಿಸಿದುದು ಆಳುಗಳ ಮನಸ್ಸಿನಲ್ಲಿ ನಿಲ್ಲುವುದು. ಗರಗಸವನ್ನು ಕೊಳ್ಳಲು ಹಣವುಳ್ಳವರು ಈ ಒಂದು ದಿನವನ್ನೂ ಕೊಡುವರೆಂದು ನಂಬಿದ್ದೇವೆ.