ಬಾಂಬಿಗೆ ಮೊದಲ ಬಲಿ ತಪಾಸಣೆ

2002ರ ಜನವರಿಯಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಜಾರ್ಜ್ ಬುಷ್ ಅವರು ಇರಾಕ್, ಇರಾನ್ ಮತ್ತು ಉತ್ತರ ಕೊರಿಯಾಗಳನ್ನು ಒಂದೇ ಉಸಿರಿನಲ್ಲಿ ‘ದುಷ್ಟಕೂಟ’ ಎಂದು ಕರೆದರು. ಆ ಬಳಿಕ ಈ ಮೂರು ದೇಶಗಳಿಗೆ ಒದಗಿದ ಗತಿಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಅಣ್ವಸ್ತ್ರ ಪ್ರಸರಣದ ಭೀತಿ ಏಕೆ ತಗ್ಗಿಲ್ಲ ಎಂಬುದು ಅರ್ಥವಾಗುತ್ತದೆ.

ಇರಾಕ್ ಒತ್ತಡಕ್ಕೆ ಮಣಿದು 2002ರ ನವೆಂಬರ್‌ನಲ್ಲಿ ತಪಾಸಣೆಗಾರರಿಗೆ ಬಾಗಿಲು ತೆರೆಯಿತು. ಅಣ್ವಸ್ತ್ರ ಯೋಜನೆ ಮತ್ತೆ ಆರಂಭವಾಗಿರುವುದಕ್ಕೆ ಪುರಾವೆ ಇಲ್ಲವೆಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಮೊಹಮದ್ ಎಲ್ ಬರಾದಿ 2003ರ ಮಾರ್ಚ್‌ನಲ್ಲಿ ಭದ್ರತಾ ಮಂಡಳಿಗೆ ತಿಳಿಸಿದರು. ಅಮೆರಿಕ ಕಿವಿಗೊಡಲಿಲ್ಲ, ಅದೇ ತಿಂಗಳು ದಾಳಿ ನಡೆಯಿತು. ಸಮೂಹನಾಶಕ ಅಸ್ತ್ರಗಳ ದಾಸ್ತಾನು ಇರಲಿಲ್ಲವೆಂದು 2004ರಲ್ಲಿ ಅಮೆರಿಕದ್ದೇ ಶೋಧ ತಂಡ ಒಪ್ಪಿಕೊಳ್ಳಬೇಕಾಯಿತು.

ಉತ್ತರ ಕೊರಿಯಾ ಹಿಡಿದದ್ದು ತದ್ವಿರುದ್ಧ ದಾರಿ. 2002ರ ಡಿಸೆಂಬರ್‌ನಲ್ಲಿ ಅದು ತಪಾಸಣೆಗಾರರನ್ನು ಹೊರಗಟ್ಟಿತು. ಮರುತಿಂಗಳೇ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದ ಹೊರಬರುವುದಾಗಿ ಸಾರಿತು. 2006ರ ಅಕ್ಟೋಬರ್‌ನಲ್ಲಿ ಪರೀಕ್ಷಾರ್ಥ ಅಣುಸ್ಫೋಟವನ್ನೂ ನಡೆಸಿತು. ಅದರ ಮೇಲೆ ನಿರ್ಬಂಧಗಳ ಮಳೆ ಸುರಿಯಿತೇ ಹೊರತು ಬಾಂಬುಗಳದ್ದಲ್ಲ. 2018ರಲ್ಲಿ ಅಮೆರಿಕದ ಅಧ್ಯಕ್ಷರೇ ಸಿಂಗಪುರಕ್ಕೆ ಹೋಗಿ ಕಿಮ್ ಜಾಂಗ್ ಉನ್ ಅವರ ಕೈಕುಲುಕಿದರು.

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ಉತ್ತರದ ಫಿರಂಗಿಗಳ ವ್ಯಾಪ್ತಿಯಲ್ಲಿರುವುದೂ ಬೆನ್ನಿಗೆ ಚೀನಾ ಇರುವುದೂ ಕಿಮ್ ಆಡಳಿತಕ್ಕೆ ರಕ್ಷೆಯಾಗಿವೆ, ನಿಜ. ಆದರೆ ಪ್ಯಾಂಗ್ಯಾಂಗ್ ಬೊಟ್ಟು ಮಾಡುವುದು ಲಿಬಿಯಾದತ್ತ. 2003ರ ಡಿಸೆಂಬರ್‌ನಲ್ಲಿ ಗಡಾಫಿ ತನ್ನ ಅಣ್ವಸ್ತ್ರ ಯೋಜನೆಯನ್ನು ಕೈಬಿಟ್ಟು ತಪಾಸಣೆಗೆ ಒಪ್ಪಿದ್ದ. 2011ರಲ್ಲಿ ನ್ಯಾಟೊ ವಿಮಾನಗಳು ಎರಗಿದವು. ಅಕ್ಟೋಬರ್‌ನಲ್ಲಿ ಆತ ಬಂಡುಕೋರರ ಕೈಗೆ ಸಿಕ್ಕಿ ಹತನಾದ. ಆತನ ದಬ್ಬಾಳಿಕೆಯನ್ನು ಸಮರ್ಥಿಸಬೇಕಿಲ್ಲ. ಆದರೂ ನಾಗರಿಕರ ರಕ್ಷಣೆಗೆಂದು ಭದ್ರತಾ ಮಂಡಳಿ ನೀಡಿದ ಅನುಮತಿ ಆಡಳಿತವನ್ನೇ ಉರುಳಿಸುವುದರಲ್ಲಿ ಕೊನೆಗೊಂಡದ್ದನ್ನು ಜಗತ್ತು ಕಂಡಿತು.

ಇನ್ನು ಇರಾನ್. 2015ರ ಒಪ್ಪಂದದಲ್ಲಿ ಯುರೇನಿಯಂ ಸಂವರ್ಧನೆಯನ್ನು ಶೇ 3.67ಕ್ಕೆ ಮಿತಗೊಳಿಸಲು ಅದು ಒಪ್ಪಿತು. ಮಾತು ಪಾಲನೆಯಾಗುತ್ತಿದೆ ಎಂದು ಅಣುಶಕ್ತಿ ಸಂಸ್ಥೆ ಮತ್ತೆ ಮತ್ತೆ ವರದಿ ಮಾಡಿತು. ಹಾಗಿದ್ದೂ 2018ರ ಮೇ ತಿಂಗಳಲ್ಲಿ ಟ್ರಂಪ್ ಒಪ್ಪಂದದಿಂದ ಹೊರನಡೆದರು. ಇರಾನ್ ಕೂಡ ಒಂದೊಂದೇ ಮಿತಿಯನ್ನು ದಾಟಿ 2021ರಲ್ಲಿ ಶೇ 60ರ ಸಂವರ್ಧನೆಗೆ ಇಳಿಯಿತು. ಸಾಮಾನ್ಯ ವಿದ್ಯುತ್ ಸ್ಥಾವರಕ್ಕೆ ಅಷ್ಟರ ಅಗತ್ಯವಿಲ್ಲ. ಹಾಗಾಗಿ ಜಗತ್ತಿನ ಆತಂಕ ನಿರಾಧಾರವೇನಲ್ಲ. 2025ರ ಜೂನ್‌ನಲ್ಲಿ ಅಮೆರಿಕ ಫೋರ್ಡೊ, ನತಾಂಜ್, ಇಸ್ಫಹಾನ್ ನೆಲೆಗಳ ಮೇಲೆ ಬಾಂಬು ಹಾಕಿತು. ಮರುತಿಂಗಳೇ ಇರಾನ್ ಅಣುಶಕ್ತಿ ಸಂಸ್ಥೆಯೊಂದಿಗಿನ ಸಹಕಾರವನ್ನು ಅಮಾನತುಗೊಳಿಸಿತು. ತಪಾಸಣೆಗಾರರು ಅಳೆದು ಲೆಕ್ಕ ಇಟ್ಟಿದ್ದ, 400 ಕಿಲೊಗ್ರಾಂಗೂ ಹೆಚ್ಚಿನ ಶೇ 60ರ ಯುರೇನಿಯಂ ಅವರ ಕಣ್ಣಿನಿಂದ ಮರೆಯಾಯಿತು.

ಬಾಂಬು ಕಟ್ಟಡವನ್ನು ಕೆಡವಬಲ್ಲದು. ವಿಜ್ಞಾನಿಗಳು ಗಳಿಸಿದ ಅರಿವನ್ನು ಅಳಿಸಲಾರದು. ಆ ಅರಿವು ಅಸ್ತ್ರವಾಗದಂತೆ ಕಾಯಬಲ್ಲದ್ದು ತಪಾಸಣೆಯೊಂದೇ. 1970ರಲ್ಲಿ ಜಾರಿಗೆ ಬಂದ ಪ್ರಸರಣ ತಡೆ ಒಪ್ಪಂದ ಉಳ್ಳವರಿಗೊಂದು, ಇಲ್ಲದವರಿಗೊಂದು ನ್ಯಾಯ ಮಾಡುತ್ತದೆ ಎಂದು ಭಾರತ ಅದರಿಂದ ದೂರ ಉಳಿಯಿತು. ಸಹಿ ಹಾಕಿದವರನ್ನಾದರೂ ಅದರೊಳಗೆ ಹಿಡಿದಿಡಬೇಕಾದರೆ ಒಂದು ನಂಬಿಕೆ ಬೇಕು: ಬಾಗಿಲು ಮುಚ್ಚಿದವನಿಗಿಂತ ತೆರೆದವನು ಕ್ಷೇಮ ಎಂಬ ನಂಬಿಕೆ. ಬಾಗ್ದಾದ್, ಟ್ರಿಪೋಲಿ, ತೆಹ್ರಾನ್ ಮೂರೂ ಕಡೆ ಅಮೆರಿಕ ಅದನ್ನು ಸುಳ್ಳಾಗಿಸಿದೆ. ಬಾಗಿಲು ತೆರೆದವನ ಮನೆಗೇ ಬೆಂಕಿ ಬಿದ್ದರೆ ನೆರೆಯವನು ಚಿಲಕ ಹಾಕಿಕೊಳ್ಳದೆ ಇನ್ನೇನು ಮಾಡಿಯಾನು?