ದೆವ್ವ ಕಥೆಯಲ್ಲಿರಲಿ, ಹೆಣ್ಣಿನ ಮೈಮೇಲೆ ಬೇಡ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ – ಈ ನಾಲ್ಕು ತಾಲ್ಲೂಕುಗಳಲ್ಲಿ ದೆವ್ವದ ಕಥೆಯಿಲ್ಲದ ಊರನ್ನು ನಾನು ಕಂಡಿಲ್ಲ. ಹುಣಸೆ ತೋಪಿನ ಮೋಹಿನಿ, ಕೆರೆಯಂಗಳದ ಕೊಳ್ಳಿದೆವ್ವ, ಹಾಳುಬಾವಿಯ ಬಾಣಂತಿ ಎಲ್ಲರಿಗೂ ಪರಿಚಿತರೇ. ಕಥೆಯ ಬಗ್ಗೆ ನನ್ನ ತಕರಾರಿಲ್ಲ. ಕಥೆಯನ್ನೇ ಚಿಕಿತ್ಸೆಯಾಗಿಸುವವರ ಬಗ್ಗೆ ಇದೆ.

1990ರ ದಶಕದಲ್ಲಿ ಕರ್ನಾಟಕದ ಹಲವೆಡೆ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಓದುಗರಿಗೆ ನೆನಪಿರಬಹುದು. ರಾತ್ರಿ ಬಾಗಿಲು ತಟ್ಟುವ ದೆವ್ವವು ಅದನ್ನೋದಿ ಹಿಂತಿರುಗುವುದೆಂಬ ನಂಬಿಕೆ. ಕನ್ನಡ ಓದಬಲ್ಲದು, ಆದರೆ ನಿನ್ನೆಯೂ ಇದನ್ನೇ ಓದಿದ್ದೆನೆಂಬುದು ನೆನಪಿರದು, ಎಂಥ ವಿದ್ಯಾರ್ಥಿ! ಆ ಭೀತಿಗೆ ತಗುಲಿದ ವೆಚ್ಚ ಸೀಮೆಸುಣ್ಣದ ಒಂದು ತುಂಡು. ಎಲ್ಲ ಭೀತಿಗಳೂ ಅಷ್ಟು ಅಗ್ಗವಲ್ಲ.

ನಮ್ಮ ಸೀಮೆಯ ಕಥೆಗಳಲ್ಲಿ ಅಂಜಿಸುವವಳು ಸಾಮಾನ್ಯವಾಗಿ ಹೆಣ್ಣು: ಹೆರಿಗೆಯಲ್ಲಿ ಸತ್ತವಳು, ಬಾವಿಗೆ ಬಿದ್ದವಳು. ಗಂಡನ ಚಿತೆಯೇರಿದವಳಿಗೆ ಮಾಸ್ತಿಕಲ್ಲು ನೆಟ್ಟು ಪೂಜಿಸಿದೆವು. ಬಾವಿಗೆ ಬಿದ್ದವಳನ್ನು ದೆವ್ವವೆಂದೆವು. ಬದುಕಿದ್ದಾಗ ಇಬ್ಬರ ಮಾತನ್ನೂ ಕೇಳಲಿಲ್ಲ. ಆಕೆ ಬಾವಿಗೇಕೆ ಬಿದ್ದಳೆಂದು ಕೇಳಬೇಕಾದ ಊರು, ಅವಳು ಯಾರನ್ನು ಹಿಡಿದಳೆಂದು ಕೇಳುತ್ತದೆ. ಹಿಡಿದದ್ದು ಮತ್ತೊಬ್ಬ ಸೊಸೆಯನ್ನೇ! ಆಕೆಯ ನೋವಿಗೆ, ನಿದ್ರಾಹೀನತೆಗೆ, ಮೌನಕ್ಕೆ ಮದ್ದು ಬೇವಿನ ಬರಲಿನ ಏಟು. ನಿದ್ದೆಯಲ್ಲಿ ಎದೆಯ ಮೇಲೆ ದೆವ್ವ ಕುಳಿತಂತಾಗುವುದು, ಮನಸ್ಸು ಎಚ್ಚೆತ್ತರೂ ದೇಹವಿನ್ನೂ ನಿದ್ರೆಯ ಹಿಡಿತದಲ್ಲಿರುವ ಸ್ಥಿತಿಯೆಂದು ವೈದ್ಯಶಾಸ್ತ್ರ ಹೇಳುತ್ತದೆ. ಅದು ತಾನಾಗಿಯೇ ಬಿಡುತ್ತದೆ. ಬಿಟ್ಟ ಕೀರ್ತಿ ಮಾತ್ರ ಮಂತ್ರವಾದಿಗೆ.

ನೆರೆಯ ಗೌರಿಬಿದನೂರು ಸೀಮೆಯ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡ ಹಾಗೂ ಮೂಢನಂಬಿಕೆಗಳನ್ನು ಪರಿಶೀಲಿಸಲು ಸಮಿತಿ ರಚಿಸಿದ್ದರು. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದನ್ನೂ, ಮುಟ್ಟಾದವರನ್ನು, ಗರ್ಭಿಣಿಯರನ್ನು ಊರಾಚೆ ಇರಿಸುವುದನ್ನೂ ನಿಷೇಧಿಸುವ 2017ರ ಕಾಯಿದೆ 2020ರಲ್ಲಿ ಜಾರಿಗೆ ಬಂದಿತು. ಆದರೂ 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ, ಸೂತಕವೆಂದು ಹೊರಗಿನ ಗುಡಿಸಲಿನಲ್ಲಿರಿಸಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಅಲ್ಲಿದ್ದುದು ದೆವ್ವದ ಭಯವಲ್ಲ, ದೇವರು ಮುನಿದಾನೆಂಬ ಭಯ. ಬೆಲೆ ತೆತ್ತವರು ಮಾತ್ರ ತಾಯಿ, ಮಗು.

“ಜಾನಪದವನ್ನು ಕೊಲ್ಲುತ್ತೀರಾ?” ಎನ್ನುವವರಿದ್ದಾರೆ. ಇಲ್ಲ, ಸ್ವಾಮಿ. ಜಗಲಿಯ ಮೇಲೆ ಕುಳಿತು ಮೊಮ್ಮಕ್ಕಳಿಗೆ ಮೋಹಿನಿಯ ಕಥೆ ಧಾರಾಳವಾಗಿ ಹೇಳಿ. ಜೊತೆಗೆ, ಅವಳು ಸತ್ತದ್ದೇಕೆಂಬುದನ್ನೂ ಹೇಳಿ. ಮನೆಯ ಹೆಣ್ಣುಮಗಳು ನರಳಿದರೆ ಮಾತ್ರ ಮಂತ್ರವಾದಿಯ ಬಾಗಿಲಿಗಲ್ಲ, ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯಲೇಬೇಕಾದರೆ ಮಂತ್ರವಾದಿಗಾಗಿ ಬರೆಯಿರಿ.